ಬುತ್ತಿ, ಚಿಲ್ಲರೆ, ಬೆರಳಿನ ಮಸಿ: ಕಂಡಕ್ಟರ್ ಕಾಕಾನ ಉತ್ತರಗಳು

(ನಮ್ಮ ದೇಶದ ದಿನನಿತ್ಯದ ಬದುಕಿನಲ್ಲಿ ಮೆಚ್ಚಬೇಕಾದದ್ದು ಏನು? ಈ ತಿಂಗಳ ಪ್ರಶ್ನೆಗಳು ಇದರ ಸುತ್ತಲೇ ಇರಲಿ ಎಂದು ಓದುಗರನ್ನು ಕೇಳಿದ್ದೆವು. ಉತ್ತರಿಸಿದವರು ವಾಯವ್ಯ ಸಾರಿಗೆಯಲ್ಲಿ ನಿರ್ವಾಹಕರಾಗಿದ್ದು ನಿವೃತ್ತರಾಗಿ, ಈಗ ಧಾರವಾಡದಲ್ಲಿರುವ ನಮ್ಮ ಅಂಕಣಕಾರರು.)

ಪ್ರಶ್ನೆ: ಕಾಕಾ, ನನ್ನ ಮಗ ಕೆನಡಾದಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ಇಲ್ಲಿನ ಧೂಳು, ಹಾರ್ನು, ಕಚೇರಿಗಳ ಅಲೆದಾಟ ಇವನ್ನೇ ಎಣಿಸುತ್ತಾನೆ. ಈ ಸಲ, "ಇಲ್ಲಿ ಒಳ್ಳೇದು ಅಂತ ಏನೈತಿ, ಒಂದರ ಹೇಳಪ್ಪ" ಅಂದ. ನನಗೆ ತಟ್ಟನೆ ಏನೂ ಹೊಳೆಯಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಧೂಳೂ ಇದೆ, ಅಲೆದಾಟವೂ ಇದೆ. ಒಂದು ಹೇಳು ಅಂದಿದ್ದಾನಲ್ಲ, ನಾನಾಗಿದ್ದರೆ ಬಾಯಲ್ಲಿ ಹೇಳುತ್ತಿರಲಿಲ್ಲ. ಬೆಳಿಗ್ಗೆ ಎಬ್ಬಿಸಿ ಧಾರವಾಡದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದೆ.

ಸವದತ್ತಿ, ರಾಮದುರ್ಗ, ನರಗುಂದ, ರೋಣದ ಕಡೆಯಿಂದ ಬಸ್ಸುಗಳು ಬರುವ ಹೊತ್ತಿಗೆ ಅಲ್ಲಿ ಹುಡುಗರು, ಹುಡುಗಿಯರು ಕಾಯುತ್ತಿರುತ್ತಾರೆ. ಯಾರ ಕೈಯಲ್ಲೂ ಲಗೇಜಿಲ್ಲ, ಅವರು ಎಲ್ಲಿಗೂ ಹೊರಟವರಲ್ಲ. ಬಸ್ಸು ನಿಂತ ಕೂಡಲೆ ಡ್ರೈವರ್ ಬಾಗಿಲ ಕಡೆ ಹೋಗಿ, "ಅಣ್ಣಾರ, ನಮ್ಮೂರ ಬುತ್ತಿ ಬಂದೈತೇನ್ರಿ?" ಅಂತ ಕೇಳುತ್ತಾರೆ. ಡ್ರೈವರ್ ಪಕ್ಕದ ಬಾನೆಟ್ ಮೇಲೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಡಬ್ಬಿಗಳ ಸಾಲು. ಒಂದಕ್ಕೆ ಹಳೆ ಸೀರೆಯ ಅಂಚು, ಒಂದಕ್ಕೆ ಅಂಗಡಿ ಚೀಲ, ಒಂದರ ಮೇಲೆ ಪೆನ್ನಿನಲ್ಲಿ ಹೆಸರು. ಒಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸೊಪ್ಪಿನ ಪಲ್ಯ. ಸಪ್ತಾಪುರದ ಕಡೆ ಬಾಡಿಗೆ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ, ಕಾಲೇಜು ಕಲಿಯುವ ಎಷ್ಟೋ ಮಕ್ಕಳ ಮಧ್ಯಾಹ್ನದ ಊಟ ಹೀಗೆ ಬಸ್ಸಿನಲ್ಲಿ ಬರುತ್ತದೆ.

ಆ ಡಬ್ಬಿ ಬಸ್ಸಿಗೆ ಹತ್ತುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ ತಾಯಿ ಓಡೋಡಿ ಬರುತ್ತಾಳೆ, ಕೈಗೆ ಇನ್ನೂ ಹಿಟ್ಟು ಅಂಟಿರುತ್ತದೆ. "ಯಣ್ಣಾ, ಧಾರವಾಡಕ್ಕ ಮುಟ್ಟಿಸ್ರಿ, ಹುಡುಗ ಸ್ಟ್ಯಾಂಡಿಗೆ ಬಂದಿರ್ತಾನ" ಅಂದು ಡಬ್ಬಿ ಕೊಟ್ಟು, ಬಸ್ಸು ತಿರುಗುವ ಮೊದಲೇ ಮನೆಗೆ ಹೊರಡುತ್ತಾಳೆ. ಆಕೆ ರಶೀದಿ ಕೇಳುವುದಿಲ್ಲ, ನಮ್ಮ ಹೆಸರೂ ಕೇಳುವುದಿಲ್ಲ. ನಿನ್ನೆ ಬಂದ ಸಿಬ್ಬಂದಿಯೇ ಇವತ್ತೂ ಬಂದಿರಬೇಕೆಂದೇನಿಲ್ಲ, ಬಸ್ಸು ಬಂದರೆ ಆಕೆಗೆ ಸಾಕು. ಡಬ್ಬಿ ಇಡುವುದರಲ್ಲಿ ನಮ್ಮದೂ ಒಂದು ಲೆಕ್ಕವಿತ್ತು. ಬಾನೆಟ್ ಬಿಸಿಗೆ ಚಳಿಗಾಲದಲ್ಲಿ ರೊಟ್ಟಿ ಮೆತ್ತಗಿರುತ್ತದೆ, ಆದರೆ ಬೇಸಿಗೆಯಲ್ಲಿ ಮೊಸರು ಹುಳಿಯುತ್ತದೆ. ಹಾಗಾಗಿ ಮೊಸರಿನ ಡಬ್ಬಿ ಯಾವುದೆಂದು ಕೇಳಿ ಅದನ್ನು ಸೀಟಿನ ಕೆಳಗೆ ಇಡುತ್ತಿದ್ದೆವು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಹಿರಿಯ ಕಂಡಕ್ಟರು ಮಾಡುತ್ತಿದ್ದರು, ನಾವೂ ಮಾಡಿದೆವು.

ಇನ್ನೊಂದನ್ನೂ ನಿಮ್ಮ ಮಗನಿಗೆ ತೋರಿಸಿ. ರಷ್ ಇರುವ ಬಸ್ಸಿನಲ್ಲಿ ಕೂಸು ಎತ್ತಿಕೊಂಡ ಹೆಣ್ಣುಮಗಳು ಹತ್ತಿ ನಿಲ್ಲುತ್ತಾಳೆ. ಸೀಟು ಬಿಡಲು ಆಗದ ಯಾರೋ ಮುದುಕಿ ಕೈ ಚಾಚಿ, "ಕೂಸಿನ್ನ ಕೊಡವಾ ಇತ್ಲಾಗ" ಅನ್ನುತ್ತಾಳೆ. ತಾಯಿ ಕೊಡುತ್ತಾಳೆ. ಇಬ್ಬರಿಗೂ ಪರಿಚಯವಿಲ್ಲ, ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಅಮ್ಮಿನಭಾವಿ ದಾಟುವಷ್ಟರಲ್ಲಿ ಕೂಸು ಆ ಮುದುಕಿಯ ತೊಡೆಯ ಮೇಲೆ ಮಲಗಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಿಡುವ ವಿಶೇಷ ಬಸ್ಸುಗಳಲ್ಲಂತೂ ಒಂದು ಕೂಸು ನಾಲ್ಕು ಮಡಿಲು ಬದಲಿಸಿ ಗುಡ್ಡ ಮುಟ್ಟುತ್ತದೆ. ಗೊತ್ತಿಲ್ಲದವರ ಕೈಗೆ ಊಟ ಕೊಡುವುದು, ಕೂಸು ಕೊಡುವುದು ಇಲ್ಲಿ ದಿನದ ರೂಢಿ. ನನ್ನ ದೇಶದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಇರುವುದು ಈ ರೂಢಿಯ ಮೇಲೆ. ಕೆನಡಾದ ಬಸ್ಸು ನಾನು ಹತ್ತಿಲ್ಲ. ಅಲ್ಲಿಯ ಒಳ್ಳೆಯದನ್ನು ಮಗ ಹೇಳಲಿ, ನೀವು ಕೇಳಿ. ಇಲ್ಲಿಯದನ್ನು ನೀವು ತೋರಿಸಿ.

ಪ್ರಶ್ನೆ: ಕಂಡಕ್ಟರಿಗೂ ಪ್ರಯಾಣಿಕರಿಗೂ ಚಿಲ್ಲರೆ ಜಗಳ ತಪ್ಪಿದ್ದಲ್ಲ. ಇದರಲ್ಲೂ ಮೆಚ್ಚುವಂಥದ್ದು ಏನಾದರೂ ಉಂಟೇ?
– ಓದುಗರು, ಗದಗ

ಉತ್ತರ: ಉಂಟು. ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಿದ್ದೆವಲ್ಲ, ಆ ಗೀಚಿದ ಅಂಕಿಗೆ ಇದ್ದ ಬೆಲೆ ನೋಡಿ. ಸಹಿ ಇಲ್ಲ, ಮುದ್ರೆ ಇಲ್ಲ. ಇಳಿಯುವಾಗ ಆ ಚೀಟಿ ತೋರಿಸಿದರೆ ದುಡ್ಡು ಕೊಡಲೇಬೇಕು, ಇಲ್ಲವೆನ್ನಲು ಯಾವ ಕಂಡಕ್ಟರಿಗೂ ಬಾಯಿ ಬರುವುದಿಲ್ಲ. ಒಮ್ಮೊಮ್ಮೆ ಒಂದೇ ನೋಟನ್ನು ಇಬ್ಬರ ಕೈಗೆ ಕೊಟ್ಟು, "ಕೆಳಗಿಳಿದು ಹಂಚಿಕೊಳ್ರಿ" ಅನ್ನುತ್ತಿದ್ದೆವು. ಅವರಿಬ್ಬರೂ ಚಹಾ ಅಂಗಡಿ ಹುಡುಕಿ ನೋಟು ಮುರಿಸಿ ಪಾಲು ಮಾಡಿಕೊಳ್ಳುತ್ತಿದ್ದರು. ಹೀಗೆ ಗುರುತಾಗಿ, ಮುಂದೆ ಸಿಕ್ಕಾಗಲೆಲ್ಲ ಮಾತಾಡಿಸುವವರನ್ನೂ ಕಂಡಿದ್ದೇನೆ.

ಈಗ ಫೋನಿನಲ್ಲಿ ದುಡ್ಡು ಕಳಿಸುವ ಯುಪಿಐ ಬಂದಿದೆ. 2016ರ ಏಪ್ರಿಲ್‌ನಲ್ಲಿ ಶುರುವಾದದ್ದು, ಇಂದು ಸಂತೆಯಲ್ಲಿ ಮೆಂತ್ಯೆ ಸೊಪ್ಪಿನ ಕಟ್ಟು ಇಟ್ಟು ಕೂತ ಅಜ್ಜಿಯ ಮುಂದೆಯೂ ಅದರ ಚೌಕದ ಚೀಟಿ ಇದೆ. ಯಾವ ಬ್ಯಾಂಕಿನ ಖಾತೆಯಿಂದ ಯಾವ ಬ್ಯಾಂಕಿಗೂ, ಹತ್ತು ರೂಪಾಯಿಯಾದರೂ ಸರಿ, ಆ ಕ್ಷಣಕ್ಕೇ ಹೋಗುತ್ತದೆ, ಅಜ್ಜಿಗೆ ಒಂದು ಪೈಸೆ ಖರ್ಚಿಲ್ಲ. ಇದನ್ನು ನಮ್ಮವರೇ ಕಟ್ಟಿದ್ದು ಎಂದು ನೆನೆದಾಗ ನನಗೆ ಎದೆ ತುಂಬುತ್ತದೆ.

ನೋಟಿನ ಮಾತು ಬಂತಾದ್ದರಿಂದ ಒಂದು ಹೇಳಬೇಕು. ದಿನವಿಡೀ ನೋಟು ಎಣಿಸುವ ಕೆಲಸ ನನ್ನದಾಗಿತ್ತು. ನೋಟಿನ ಹಿಂಬದಿಯ ಪಟ್ಟಿಯಲ್ಲಿ ಅದರ ಬೆಲೆ 15 ಭಾಷೆಗಳಲ್ಲಿದೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಅಸ್ಸಾಮಿ, ಬಂಗಾಳಿ, ಗುಜರಾತಿ, ಆಮೇಲೆ ನಮ್ಮ "ನೂರು ರೂಪಾಯಿಗಳು". ಹಿಂದಿ, ಇಂಗ್ಲಿಷ್ ಬೇರೆ ದೊಡ್ಡದಾಗಿವೆ. ಇಷ್ಟು ಲಿಪಿಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ಜನ ನಾವು. ನಿಮ್ಮ ಮನೆಯ ಮಕ್ಕಳಿಗೆ ಒಂದು ನೋಟು ಕೊಟ್ಟು ಓದಿಸಿ.

ಪ್ರಶ್ನೆ: ಬಸ್ ಸ್ಟ್ಯಾಂಡಿನಲ್ಲಿ ನಿಮಗೆ ಪ್ರಿಯವಾದ ತಿಂಡಿ?
– ಓದುಗಿ, ಬೈಲಹೊಂಗಲ

ಉತ್ತರ: ಗಿರ್ಮಿಟ್, ಮೇಲೆ ಹಸಿ ಉಳ್ಳಾಗಡ್ಡಿ, ಪಕ್ಕಕ್ಕೆ ಎರಡು ಮಿರ್ಚಿ. ಆಮೇಲೆ ಅರ್ಧ ಕಪ್ ಚಹಾ. ಟ್ರಿಪ್ಪಿಗೆ ಹತ್ತು ನಿಮಿಷ ಇದೆ ಎಂದಾಗ ತಿಂದದ್ದರ ರುಚಿ ಮನೆಯಲ್ಲಿ ಕೂತು ತಿಂದರೆ ಬರುವುದಿಲ್ಲ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ನಮ್ಮಂಥ ದಿನದ ಪ್ರಯಾಣಿಕರಿಗೆ ನಿಲ್ಲಲೂ ಜಾಗವಿಲ್ಲ. ಇದನ್ನೂ ಮೆಚ್ಚಬೇಕೇ ಕಾಕಾ?
– ಸರ್ಕಾರಿ ನೌಕರರು, ಹಾವೇರಿ

ಉತ್ತರ: ನಿಂತು ಹೋಗುವವರ ಕಾಲುನೋವು ನನಗೆ ಗೊತ್ತು, ನಾನು ನಿಂತೇ ಸರ್ವಿಸ್ ಮುಗಿಸಿದವನು. ಬಸ್ಸು ಹೆಚ್ಚಬೇಕು, ಸಿಬ್ಬಂದಿ ಹೆಚ್ಚಬೇಕು. ಅದನ್ನು ಗಟ್ಟಿಯಾಗಿ ಕೇಳಿ, ನಾನೂ ನಿಮ್ಮ ಜೊತೆ ಕೇಳುತ್ತೇನೆ.

ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಕಾಣುವ ಮುಖಗಳನ್ನು ಸ್ವಲ್ಪ ನೋಡಿ. ಮೊದಲು ತವರಿಗೆ ಹೋಗಬೇಕಾದರೆ ಗಂಡನನ್ನೋ ಮಗನನ್ನೋ ದುಡ್ಡು ಕೇಳಿ, ಅವರು ಇವತ್ತು ಬೇಡ ಅಂದರೆ ಸುಮ್ಮನಾಗುತ್ತಿದ್ದ ಹೆಂಗಸರನ್ನು ನಾನು ಬಲ್ಲೆ. ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ನಾಣ್ಯ ಎಣಿಸಿ, ಎರಡು ರೂಪಾಯಿ ಕಡಿಮೆ ಬಿದ್ದಾಗ ಮುಖ ಸಣ್ಣದು ಮಾಡಿಕೊಂಡು ಒಂದು ಸ್ಟೇಜ್ ಮೊದಲೇ ಇಳಿದು ನಡೆಯುತ್ತಿದ್ದವರು ಅವರು. ಈಗ ಶೂನ್ಯ ಟಿಕೆಟ್ ಹಿಡಿದು ಆಸ್ಪತ್ರೆಗೆ, ಸಂತೆಗೆ, ಮಗಳ ಮನೆಗೆ ತಾವೇ ಹೊರಡುತ್ತಾರೆ. ಮೊನ್ನೆ ನನ್ನ ಪಕ್ಕ ಕೂತಿದ್ದಾಕೆ ಎಲ್ಲಿಗೆ ಹೊರಟಿದ್ದಳು ಗೊತ್ತೇ? ಗೆಳತಿಯ ಮನೆಗೆ. ಏನು ಕೆಲಸ ಅಂದರೆ, "ಕೆಲಸೇನಿಲ್ರಿ, ನೋಡಿ ಭಾಳ ದಿವಸಾತು" ಅಂದಳು. ಇಷ್ಟು ಮಾತು ಆಡುವ ಅನುಕೂಲ ಆಕೆಯ ತಾಯಿಗೆ ಇರಲಿಲ್ಲ. ನಿಮ್ಮ ಕಾಲುನೋವಿಗೆ ದಾರಿ ಆಗಲೇಬೇಕು, ಆದರೆ ಆಕೆಯನ್ನು ಇಳಿಸಿ ಅಲ್ಲ.

ಪ್ರಶ್ನೆ: ನನಗೆ ಈಗ 18 ತುಂಬಿದೆ. ಗೆಳತಿಯರೆಲ್ಲ ಮತದಾನದ ದಿನ ಎಂದರೆ ರಜೆ ಅಷ್ಟೇ ಅನ್ನುತ್ತಾರೆ. ನನ್ನ ಒಂದು ಓಟಿನಿಂದ ಏನಾಗುತ್ತದೆ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ನಿನ್ನ ಒಂದು ಓಟಿಗಾಗಿ ಏನೇನು ಆಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ.

ಮತದಾನದ ಹಿಂದಿನ ದಿನ ನಮ್ಮ ಡಿಪೋದ ಎಷ್ಟೋ ಬಸ್ಸುಗಳು ಚುನಾವಣಾ ಡ್ಯೂಟಿಗೆ ಹೋಗುತ್ತಿದ್ದವು. ಕಾಲೇಜು ಮೈದಾನದಲ್ಲಿ ಮಸ್ಟರಿಂಗ್. ಶಾಲಾ ಮಾಸ್ತರರು, ಬ್ಯಾಂಕಿನವರು, ಪಂಚಾಯಿತಿಯವರು ಪೆಂಡಾಲಿನ ಕೆಳಗೆ ಸಾಲು ನಿಂತು ಮತಯಂತ್ರದ ಪೆಟ್ಟಿಗೆ, ಮತದಾರರ ಪಟ್ಟಿ, ಅರಗು, ಮೇಣದಬತ್ತಿ, ದಾರ, ಮಸಿಯ ಸಣ್ಣ ಬಾಟಲಿ ಎಲ್ಲ ಎಣಿಸಿಕೊಳ್ಳುತ್ತಾರೆ. ಆಮೇಲೆ ನಮ್ಮ ಬಸ್ಸು ಹತ್ತಿ ಒಂದೊಂದು ಊರಿನ ಶಾಲೆಯಲ್ಲಿ ಇಳಿದು ರಾತ್ರಿ ಅಲ್ಲೇ ಮಲಗುತ್ತಾರೆ. ಮಾರನೆಯ ದಿನ ಪೆಟ್ಟಿಗೆಗೆ ಮೊಹರು ಬಿದ್ದು, ಅದನ್ನು ಮರಳಿ ಒಪ್ಪಿಸುವ ಡಿ-ಮಸ್ಟರಿಂಗ್ ಮುಗಿಯುವ ತನಕ ಅವರಿಗೆ ಮನೆಯಿಲ್ಲ. ಮತದಾರ ಮತಗಟ್ಟೆಗಾಗಿ 2 ಕಿ.ಮೀ.ಗಿಂತ ಹೆಚ್ಚು ಹೋಗುವಂತಾಗಬಾರದು ಎಂಬುದು ಚುನಾವಣಾ ಆಯೋಗದ ಕಟ್ಟಳೆ. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ದೇವಸ್ಥಾನದ ಅರ್ಚಕರೊಬ್ಬರಿಗಾಗಿಯೇ ಮತಗಟ್ಟೆ ಇಡುತ್ತಾ ಬಂದಿದ್ದಾರೆ. 2019ರಲ್ಲಿ ಅರುಣಾಚಲದ ಮಾಲೋಗಾಮ್‌ನಲ್ಲಿ ಒಬ್ಬ ಹೆಣ್ಣುಮಗಳ ಓಟಿಗಾಗಿ ಸಿಬ್ಬಂದಿ ಬೆಟ್ಟ ಹತ್ತಿ ಹೋದರು. ನಿನ್ನ ಒಂದು ಓಟು ಅಂದರೆ ಈ ದೇಶ ಅದನ್ನು ಹೀಗೆ ಹುಡುಕಿಕೊಂಡು ಬರುತ್ತದೆ.

ನಿನ್ನ ಬೆರಳಿಗೆ ಹಚ್ಚುವ ಮಸಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಸಂಸ್ಥೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಮಸಿ ಅಲ್ಲಿಂದಲೇ ಹೋಗುತ್ತಿದೆ, ಹೊರದೇಶಗಳಿಗೂ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬಿಸಿಲಿಗೆ ಕಪ್ಪಾಗುತ್ತದೆ. ಸಾಬೂನಿಗೆ ಜಗ್ಗುವುದಿಲ್ಲ, ಉಗುರು ಬೆಳೆದಂತೆ ಮೇಲೆ ಸರಿದು ಹೋಗುತ್ತದೆ.

1951–52ರ ಮೊದಲ ಚುನಾವಣೆಯಲ್ಲೇ ಆಸ್ತಿ ಕೇಳದೆ, ಓದು ಕೇಳದೆ, ಗಂಡು ಹೆಣ್ಣು ಎನ್ನದೆ 21 ತುಂಬಿದವರಿಗೆಲ್ಲ ಓಟು ಕೊಟ್ಟ ದೇಶ ನಮ್ಮದು. ಶ್ರೀಮಂತ ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1971ರಲ್ಲಿ. ನಿನ್ನ ವಯಸ್ಸಿನವರಿಗೆ, ಅಂದರೆ 18ಕ್ಕೆ, ಇಲ್ಲಿ ಹಕ್ಕು ಬಂದದ್ದು 1989ರಲ್ಲಿ. ಹೋಗಿ ಓಟು ಹಾಕು, ಗೆಳತಿಯರನ್ನೂ ಎಬ್ಬಿಸಿಕೊಂಡು ಹೋಗು.

ನಿನ್ನ ಬೆರಳಿಗೆ ಮೊದಲ ಮಸಿ ಬಿದ್ದದ್ದು ಕೂಸಿದ್ದಾಗಲೇ ಇರಬೇಕು. ಪಲ್ಸ್ ಪೋಲಿಯೊ ಭಾನುವಾರ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು ತಂಪು ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದರು. ಹೊರಡುವ ಬಸ್ಸಿನ ಒಳಗೂ ಹತ್ತಿ, "ಐದು ವರ್ಷದ ಒಳಗಿನ ಮಕ್ಕಳು ಯಾರದಾರ?" ಎಂದು ಕೂಗಿ, ಎರಡು ಹನಿ ಬಿಟ್ಟು, ಎಡಗೈ ಕಿರುಬೆರಳಿಗೆ ಗುರುತು ಹಾಕುತ್ತಿದ್ದರು. ಅವರ ಕೆಲಸ ಮುಗಿಯಲೆಂದು ಎಷ್ಟೋ ಸಲ ಸೀಟಿ ಊದದೆ ಬಸ್ಸು ನಿಲ್ಲಿಸಿದ್ದೇನೆ, ತಡವಾಯಿತೆಂದು ಯಾರೂ ಗೊಣಗಲಿಲ್ಲ. ದೇಶದ ಕಡೆಯ ಪೋಲಿಯೊ ಪ್ರಕರಣ 2011ರ ಜನವರಿಯದು, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ನಮ್ಮನ್ನು ಪೋಲಿಯೊಮುಕ್ತ ಎಂದು ಘೋಷಿಸಿದರು. ನಾನು ಚಿಕ್ಕವನಿದ್ದಾಗ ಪ್ರತಿ ಊರಲ್ಲೂ ಕಾಲು ಸೊರಗಿದ ಮಕ್ಕಳಿದ್ದರು. ಇಂದು ನಿನ್ನ ತರಗತಿಯಲ್ಲಿ ಯಾರಾದರೂ ಇದ್ದಾರೇನು?

ಪ್ರಶ್ನೆ: ನಿಮಗೆ ನಾಚಿಕೆ ತರುವ ಸಂಗತಿ?
– ಓದುಗರು, ಬೆಳಗಾವಿ

ಉತ್ತರ: ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯ. ದೂರದ ಪ್ರಯಾಣವೆಂದು ಬೆಳಗಿನಿಂದ ನೀರೇ ಕುಡಿಯದೆ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇದಕ್ಕೆ ಸಮಾಧಾನದ ಮಾತು ನನ್ನಲ್ಲಿಲ್ಲ.

ಪ್ರಶ್ನೆ: ಅಜ್ಜಾ, ನಮ್ಮೂರಿಗೆ ರಾತ್ರಿ ಬಂದ ಬಸ್ಸು ಗುಡಿ ಮುಂದೆ ಮಲಗಿ ಬೆಳಿಗ್ಗೆ ಹೋಗುತ್ತದೆ. ಅದಕ್ಕೆ ಮನೆ ಇಲ್ಲವೇ?
– ನಾಲ್ಕನೇ ತರಗತಿ, ಮುಂಡರಗಿ ತಾಲ್ಲೂಕು

ಉತ್ತರ: ಇದೆಯಪ್ಪಾ, ಅದರ ಮನೆಗೆ ಡಿಪೋ ಅನ್ನುತ್ತಾರೆ. ನಿಮ್ಮೂರಲ್ಲಿ ಮಲಗುವುದಕ್ಕೆ ನೈಟ್ ಹಾಲ್ಟ್ ಅಂತ ಹೆಸರು. ರಾತ್ರಿ ಪಟ್ಟಣದಿಂದ ಕಡೆಯ ಟ್ರಿಪ್ಪಿನಲ್ಲಿ ನಿಮ್ಮೂರಿನವರನ್ನು ಮನೆ ಮುಟ್ಟಿಸಬೇಕು, ಬೆಳಗಾಗುತ್ತಲೇ ಹಾಲಿನವರನ್ನು, ಕಾಲೇಜಿನ ಮಕ್ಕಳನ್ನು, ಕೋರ್ಟು ಆಸ್ಪತ್ರೆಗೆ ಹೋಗುವವರನ್ನು ಕರೆದೊಯ್ಯಬೇಕು. ನಡುವೆ ಡಿಪೋಕ್ಕೆ ಹೋಗಿ ಬಂದರೆ ಖಾಲಿ ಬಸ್ಸು ಓಡಿ ಡೀಸೆಲ್ ಸುಮ್ಮನೆ ಹೋಗುತ್ತದೆ. ಅದಕ್ಕೇ ಅಲ್ಲೇ ನಿಲ್ಲುವುದು. ಮೈಸೂರು ಸರ್ಕಾರ 1948ರಲ್ಲಿ 120 ಬಸ್ಸುಗಳಿಂದ ಸಾರಿಗೆ ಶುರು ಮಾಡಿದಾಗ ಹಳ್ಳಿಯಲ್ಲಿ ಬಸ್ಸು ಕಂಡವರೇ ಅಪರೂಪ. ಈಗ ನಿಮ್ಮೂರಿನಂಥ ಊರಲ್ಲಿ ಅದು ರಾತ್ರಿ ಉಳಿಯುತ್ತದೆ.

ಡ್ರೈವರ್ ಮಾಮಾ, ಕಂಡಕ್ಟರ್ ಮಾಮಾ ಎಲ್ಲಿ ಮಲಗುತ್ತಾರೆ ನೋಡಿದ್ದೀಯಾ? ಕೆಲವು ಊರಲ್ಲಿ ಪಂಚಾಯಿತಿಯ ಕೋಣೆ ಕೊಡುತ್ತಾರೆ, ಇಲ್ಲದಿದ್ದರೆ ಸೀಟಿನ ಮೇಲೆಯೇ. ನಾನು ಹಾಲ್ಟ್ ಮಾಡಿದ ಊರುಗಳಲ್ಲಿ ರಾತ್ರಿ ಯಾರದೋ ಮನೆಯಿಂದ ಬಿಸಿ ರೊಟ್ಟಿ ತಪ್ಪದೆ ಬರುತ್ತಿತ್ತು. ನಿಮ್ಮೂರಿನ ಸಿಬ್ಬಂದಿಗೆ ಫ್ಯಾನಿರುವ ಕೋಣೆ, ಕುಡಿಯುವ ನೀರು ಇದೆಯೇ ಎಂದು ನಿಮ್ಮಪ್ಪನಿಗೆ ಕೇಳು. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಹೇಳು. ಬೆಳಿಗ್ಗೆ ಬಸ್ಸು ಓಡಿಸುವವರಿಗೆ ರಾತ್ರಿ ಚೆನ್ನಾಗಿ ನಿದ್ದೆ ಆಗಬೇಕು.