ಕೇಳುಗರನ್ನು ರೂಪಿಸಿದವರು ಯಾರು?

ಪ್ರಶ್ನೆ: ರೇಡಿಯೊ ಜನ ಬಯಸಿದ್ದನ್ನು ಕೊಡುತ್ತದೆಯೋ, ತಾನು ಕೊಟ್ಟದ್ದನ್ನೇ ಬಯಸುವ ಜನರನ್ನು ತಯಾರಿಸುತ್ತದೆಯೋ? (ಗದಗದ ಓದುಗರೊಬ್ಬರು)

ಉತ್ತರ: ಜನರ ಅಭಿರುಚಿಯನ್ನು ರೇಡಿಯೊ ಮೂಲಕ ತಿದ್ದುವ ದೊಡ್ಡ ಪ್ರಯತ್ನವೊಂದು ನಮ್ಮ ದೇಶದಲ್ಲೇ ನಡೆದಿದೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಆ ಗೀತೆಗಳು ಬಹುಮಟ್ಟಿಗೆ ಮರೆಯಾದವು, ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ಸಮಯ ದೊರೆಯಿತು. ಕೇಳುಗರು ಜಗಳಕ್ಕೆ ನಿಲ್ಲಲಿಲ್ಲ. ಗುಂಡಿ ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್ ಹಿಡಿದರು. ಅಲ್ಲಿ ಅದೇ ವರ್ಷ ಆರಂಭವಾದ, ಅಮೀನ್ ಸಯಾನಿಯವರ ಧ್ವನಿಯಿಂದ ಮನೆಮಾತಾದ ಚಿತ್ರಗೀತೆಗಳ ಕಾರ್ಯಕ್ರಮ ‘ಬಿನಾಕಾ ಗೀತ್‌ಮಾಲಾ’ಕ್ಕಾಗಿ ಬುಧವಾರದ ರಾತ್ರಿಗಳನ್ನು ಕಾಯ್ದಿಟ್ಟುಕೊಂಡರು. ಕೊನೆಗೆ ಮಣಿದದ್ದು ಆಕಾಶವಾಣಿಯೇ: 1957ರ ಅಕ್ಟೋಬರ್ 3ರಂದು, ಚಿತ್ರಗೀತೆಗಳಿಗೆ ಜಾಗ ಕೊಟ್ಟ ಅದರ ವಿವಿಧ ಭಾರತಿ ಸೇವೆ ಹುಟ್ಟಿತು.

ಹಾಗೆಂದು ಕೇಸ್ಕರ್ ಅವರ ಪ್ರಯತ್ನ ಪೂರ್ತಿ ವ್ಯರ್ಥವಾಯಿತೆಂದು ನಾನು ಹೇಳಲಾರೆ. ರಾಜರ ಆಶ್ರಯ ತಪ್ಪಿದ್ದ ಹೊತ್ತಿನಲ್ಲಿ ಎಷ್ಟೋ ಕಲಾವಿದರಿಗೆ ಆಕಾಶವಾಣಿ ಅನ್ನ ಕೊಟ್ಟಿತು. ಸಂಗೀತ ಸಭೆಯ ಮೆಟ್ಟಿಲನ್ನೇ ಹತ್ತದ ಮನೆಗಳಲ್ಲೂ ರಾಗಗಳ ಪರಿಚಯ ಬೆಳೆಯಿತು. ಆದರೆ ಕೇಳುಗರು ತಮ್ಮನ್ನು ತಾವೇ ಒಂದು ಸಮುದಾಯವಾಗಿ ಕಟ್ಟಿಕೊಂಡದ್ದು ಕೋರಿಕೆಯ ಕಾರ್ಯಕ್ರಮಗಳಲ್ಲಿ. ಇಂದಿನ ಜಾರ್ಖಂಡಿನಲ್ಲಿರುವ, ಅಭ್ರಕದ ಗಣಿಗಳ ಊರಾದ ಝುಮ್ರಿ ತಿಲೈಯಾವನ್ನು ನೆನೆಯಿರಿ. ಅಲ್ಲಿನ ಜನ ರೇಡಿಯೊ ಸಿಲೋನಿಗೂ ವಿವಿಧ ಭಾರತಿಗೂ ಎಷ್ಟು ಕೋರಿಕೆ ಪತ್ರಗಳನ್ನು ಬರೆದರೆಂದರೆ, ಭೂಪಟದಲ್ಲಿ ಅದು ಎಲ್ಲಿದೆಯೆಂದು ತಿಳಿಯದವರ ಬಾಯಲ್ಲೂ ಆ ಊರಿನ ಹೆಸರು ಬಂತು. ಹಾಡಿಗಿಂತ ಮೊದಲು ಉದ್ಘೋಷಕರು ಓದುವ ಹೆಸರುಗಳ ಸಾಲಿನಲ್ಲಿ ತಮ್ಮ ಹೆಸರೂ ತಮ್ಮೂರಿನ ಹೆಸರೂ ಬರಲೆಂಬುದು ಅವರ ಆಸೆಯಾಗಿತ್ತು. ಅದನ್ನು ಹುಟ್ಟಿಸಿದ್ದು ರೇಡಿಯೊ, ಈಡೇರಿಸಿಕೊಂಡವರು ಕೇಳುಗರು.

ಪ್ರಶ್ನೆ: ಕನ್ನಡಿಗರೆಲ್ಲ ಒಂದೇ ಎಂಬ ಭಾವನೆ ಬೆಳೆಯಲು ಬಾನುಲಿ ಕಾರಣವಾಯಿತೆ? (ಚಾಮರಾಜನಗರದ ಓದುಗರೊಬ್ಬರು)

ಉತ್ತರ: ಏಕೀಕರಣದ ಭಾವನೆಯನ್ನು ಬೆಳೆಸಿದ್ದು ಸಾಹಿತ್ಯ, ಪತ್ರಿಕೆಗಳು ಮತ್ತು ಚಳವಳಿ, ಸರ್ಕಾರದ ಕೈಯಲ್ಲಿದ್ದ ಬಾನುಲಿ ಅದರ ಮುಂದಾಳಾಗುವಂತಿರಲಿಲ್ಲ. ಆದರೂ ಅದರ ಪಾತ್ರ ಚಿಕ್ಕದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದಾಗ ಆ ಊರು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಡಳಿತ ಬೇರೆಬೇರೆಯಾಗಿದ್ದರೂ ಧ್ವನಿಗೆ ಗಡಿಯಿರಲಿಲ್ಲ. ಒಂದು ಸೀಮೆಯ ಕನ್ನಡ ಇನ್ನೊಂದು ಸೀಮೆಯ ಕಿವಿಗೆ ಬೀಳುವಂತಾದುದು 1956ಕ್ಕಿಂತ ಮೊದಲೇ.

ಆದರೆ ಎಲ್ಲ ಕನ್ನಡಗಳಿಗೂ ಅಲ್ಲಿ ಸಮಾನ ಸ್ಥಾನ ಸಿಕ್ಕಲಿಲ್ಲವೆಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ. ವಾರ್ತೆಗಳಿಗೆ ಗ್ರಂಥಸ್ಥ ಕನ್ನಡ, ಕೃಷಿ ಕಾರ್ಯಕ್ರಮಗಳ ಮಾತುಕತೆಗೂ ನಗೆನಾಟಕಗಳಿಗೂ ಆಡುಮಾತು ಎಂಬ ಪಾಲು ಬಹಳ ಬೇಗ ನಿಂತುಬಿಟ್ಟಿತು. ರಾಜ್ಯದ ವಿಷಯ ಹೇಳಲು ಒಂದು ಕನ್ನಡ, ಗೊಬ್ಬರದ ವಿಷಯ ಹೇಳಲು ಇನ್ನೊಂದು ಎಂಬುದನ್ನು ದಿನವೂ ಕೇಳುತ್ತ ಬೆಳೆದ ಮಗು, ತನ್ನ ಮನೆಯ ಮಾತು ಯಾವ ಸಾಲಿಗೆ ಸೇರಿದ್ದೆಂದು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ. 1976ರಲ್ಲಿ ಮಂಗಳೂರು ಕೇಂದ್ರ ಆರಂಭವಾಗಿ ತುಳುವಿಗೆ ಬಾನುಲಿಯಲ್ಲಿ ಜಾಗ ಸಿಕ್ಕಿದ್ದು ಕರಾವಳಿಯವರಿಗೆ ಏಕೆ ಅಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಇನ್ನೂ ಮುಂದೆ ಹೋಯಿತು. ಸಮುದಾಯಗಳಿಗೆ ಬಾನುಲಿ ಪರವಾನಗಿ ಸಿಗದಿದ್ದ ಕಾಲದಲ್ಲಿ, ಹಳ್ಳಿಯವರೇ ತಯಾರಿಸಿದ ಕಾರ್ಯಕ್ರಮಗಳು ಅಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆ ಸೇರುತ್ತಿದ್ದವು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಡುವ ನೀತಿ ಬಂದದ್ದು ಆಮೇಲೆ, 2006ರಲ್ಲಿ.