ಮಾತು ಕೇಳಿಸದು, ಗುಂಡಿನ ಸದ್ದು ಕಿವಿಗಡಚಿಕ್ಕುವುದು: ಮನೆಯ ಟಿ.ವಿ., ಗೇಮ್ ಧ್ವನಿಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಹಾಗಾದರೆ ಏನು ಕೊಳ್ಳಲಿ?’ ಎಂದೇ ಮುಗಿಯುತ್ತವೆ. ನಮ್ಮ ಉತ್ತರ ಬಹುತೇಕ ಒಂದೇ: ಈಗ ಇರುವುದನ್ನು ಮೊದಲು ಸರಿಯಾಗಿ ಹೊಂದಿಸಿ ನೋಡಿ.

ಪ್ರಶ್ನೆ: ಸಿನಿಮಾ ನೋಡುವಾಗ ರಿಮೋಟ್ ಕೈಬಿಡುವ ಹಾಗಿಲ್ಲ. ಮಾತು ಬಂದಾಗ ವಾಲ್ಯೂಮ್ ಏರಿಸಬೇಕು, ಹೊಡೆದಾಟ ಶುರುವಾದ ಕೂಡಲೇ ಇಳಿಸಬೇಕು. ಟಿ.ವಿ. ಹೊಸದು, ಚಿತ್ರವೂ ಚೆನ್ನಾಗಿದೆ. ಸೌಂಡ್‌ಬಾರ್ ತಂದರೆ ಸರಿಹೋದೀತೇ?

ಉತ್ತರ: ಹೋದೀತು, ಆದರೆ ಎಲ್ಲ ಸೌಂಡ್‌ಬಾರಿನಿಂದಲೂ ಅಲ್ಲ. ಇಲ್ಲಿ ಮೂರು ತೊಂದರೆಗಳು ಒಂದರ ಮೇಲೊಂದು ಕೂತಿವೆ.

ಸಿನಿಮಾದ 5.1 ಧ್ವನಿಯಲ್ಲಿ (ಐದು ಸ್ಪೀಕರುಗಳಿಗೆ ಒಂದೊಂದು ಚಾನೆಲ್, ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರಿಗೆ ಒಂದು) ಮಾತೆಲ್ಲ ಬಹುಪಾಲು ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಚಿತ್ರಮಂದಿರದಲ್ಲಿ ಅದಕ್ಕೆಂದೇ ಪರದೆಯ ಹಿಂದೆ ಒಂದು ಸ್ಪೀಕರ್ ಉಂಟು. ಟಿ.ವಿ.ಯಲ್ಲಿ ಇರುವುದು ಎರಡೇ. ಹಾಗಾಗಿ ನಡುವಿನ ಚಾನೆಲನ್ನು ಸಾಮಾನ್ಯವಾಗಿ 3 ಡೆಸಿಬಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುತ್ತಾರೆ. ಅದೇ ಎರಡು ಸ್ಪೀಕರುಗಳ ಮೇಲೆ ಸಂಗೀತ, ಮಳೆ, ಸ್ಫೋಟ ಎಲ್ಲವೂ ಬಂದು ಬೀಳುತ್ತವೆ. ಎರಡನೆಯದು, ಸಿನಿಮಾ ಧ್ವನಿ ಸಿದ್ಧಪಡಿಸುವ ಕೋಣೆಯಲ್ಲಿ ಸರಾಸರಿ ಮಟ್ಟವನ್ನು 85 ಡೆಸಿಬಲ್‌ಗೆ ಹೊಂದಿಸಿ, ಮುಖ್ಯ ಚಾನೆಲ್‌ಗಳ ತುತ್ತತುದಿ 105 ಡೆಸಿಬಲ್ ಮುಟ್ಟಲು ಬಿಟ್ಟಿರುತ್ತಾರೆ. ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಹಾಕುವುದಿಲ್ಲ. ಒಟ್ಟು ಮಟ್ಟ ಇಳಿಸಿದಾಗ ಪಿಸುಮಾತು ಫ್ಯಾನಿನ ಸದ್ದಿಗಿಂತ ಕೆಳಗೆ ಮುಳುಗುತ್ತದೆ, ಸ್ಫೋಟ ಮಾತ್ರ ತೇಲುತ್ತದೆ.

ಮೂರನೆಯದು ತೆಳು ಟಿ.ವಿ.ಗಳ ಶಾಪ. ಸ್ಪೀಕರಿನ ಮುಖ ನೆಲಕ್ಕೋ ಗೋಡೆಗೋ ಇರುತ್ತದೆ. ಸ್ವರಗಳು ಹೇಗೋ ಬಂದು ತಲುಪುತ್ತವೆ; ವ್ಯಂಜನಗಳ ಗುರುತು ಇರುವುದು ಸುಮಾರು 2,000 ಹರ್ಟ್ಸ್‌ನಿಂದ ಮೇಲೆ, ಆ ಎತ್ತರದ ಧ್ವನಿ ಅಡ್ಡ ಬಂದದ್ದನ್ನು ಬಳಸಿಕೊಂಡು ಬಾಗಿ ಬರುವುದಿಲ್ಲ. ‘ಕಾಲು’, ‘ಸಾಲು’, ‘ಹಾಲು’ ಮೂರೂ ಒಂದೇ ಆಗಿ ಕೇಳಿಸುವುದು ಇದರಿಂದಲೇ. ವಾಲ್ಯೂಮ್ ಏರಿಸಿದರೆ ‘ಆಲು’ ಜೋರಾಗುತ್ತದೆ, ಅಷ್ಟೇ.

ಮೊದಲು ಆ್ಯಪ್‌ನ ಆಡಿಯೊ ಮೆನು ತೆರೆದು 5.1ರ ಬದಲು ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಟಿ.ವಿ.ಯ ‘ಸರೌಂಡ್’ ಆಫ್ ಮಾಡಿಬಿಡಿ. ‘ನೈಟ್ ಮೋಡ್’ ಅಥವಾ ‘ಆಟೊ ವಾಲ್ಯೂಮ್’ ಎರಡರಲ್ಲಿ ಒಂದನ್ನು ಮಾತ್ರ ಹಾಕಿ. ಎರಡನ್ನೂ ಹಾಕಿದರೆ ಮಾತಿನ ನಡುವಿನ ಬಿಡುವಿನಲ್ಲಿ ಹಿನ್ನೆಲೆಯ ಸದ್ದು ಉಬ್ಬಿ ಉಬ್ಬಿ ಇಳಿಯುತ್ತದೆ, ಯಾರೋ ಏದುಸಿರು ಬಿಡುತ್ತಿರುವ ಹಾಗೆ. ಈಕ್ವಲೈಸರ್ ಇದ್ದರೆ 100–250 ಹರ್ಟ್ಸ್ ಭಾಗವನ್ನು 3–4 ಡೆಸಿಬಲ್ ಇಳಿಸಿ. ಸಾಲದಿದ್ದರೆ ಮಾತ್ರ 2,000–4,000 ಹರ್ಟ್ಸ್ ಭಾಗವನ್ನು 2–3 ಡೆಸಿಬಲ್ ಏರಿಸಿ. ಮೊದಲೇ ಏರಿಸಹೊರಟರೆ ‘ಸ’ಕಾರ, ‘ಶ’ಕಾರ ಕಿವಿ ಚುಚ್ಚುತ್ತವೆ.

ಇಷ್ಟಾದರೂ ಸಮಾಧಾನವಾಗದೆ ಸೌಂಡ್‌ಬಾರ್ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ಮೊದಲ ಅಂಕಿ ನೋಡಿ. 2.1 ಎಂದರೆ ನಡುವಿನ ಚಾನೆಲ್‌ಗೆ ಪ್ರತ್ಯೇಕ ಸ್ಪೀಕರ್ ಇಲ್ಲ. ನಿಮ್ಮ ದೂರಿಗೆ ಮದ್ದು 3.0 ಅಥವಾ 3.1. ಅದರಲ್ಲಿ ನಡುವಿನ ಚಾನೆಲನ್ನು ಮಾತ್ರ 2–4 ಡೆಸಿಬಲ್ ಏರಿಸಬಹುದು. ಭಾರಿ ಸಬ್‌ವೂಫರ್ ಇರುವ 2.1ಕ್ಕಿಂತ ಸಬ್‌ವೂಫರೇ ಇಲ್ಲದ 3.0 ನಿಮ್ಮ ಮಟ್ಟಿಗೆ ವಾಸಿ, ಅಂಗಡಿಯಲ್ಲಿ ಕೇಳಿಸುವಾಗ ಮೊದಲಿನದೇ ಗೆದ್ದರೂ.

ಪ್ರಶ್ನೆ: ಸೌಂಡ್‌ಬಾರ್ ಟಿ.ವಿ.ಗೆ ಎಚ್‌ಡಿಎಂಐ ಮೂಲಕ ಜೋಡಿಸಿದೆ. ಧಾರಾವಾಹಿಗೆ ತೊಂದರೆ ಇಲ್ಲ. ಕನ್ಸೋಲ್‌ನಲ್ಲಿ ಆಡುವಾಗ ಮಾತ್ರ ಬಟನ್ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ. ‘ಎವಿ ಸಿಂಕ್’ ಏರಿಸಿದಷ್ಟೂ ಇನ್ನೂ ಹದಗೆಡುತ್ತದೆ. ಏಕೆ?

ಉತ್ತರ: ‘ಎವಿ ಸಿಂಕ್’ಗೆ ಗೊತ್ತಿರುವುದು ಸದ್ದನ್ನು ತಡೆಹಿಡಿಯುವುದೊಂದೇ. ಮುಂದೆ ತಳ್ಳಲು ಅದಕ್ಕೆ ಆಗದು. ಚಿತ್ರ ಹಿಂದೆ ಬಿದ್ದಾಗ ಬಳಸಬೇಕಾದ ಸವಲತ್ತು ಅದು; ನಿಮ್ಮಲ್ಲಿ ಹಿಂದೆ ಬಿದ್ದಿರುವುದು ಸದ್ದು. ಅದನ್ನು ಸೊನ್ನೆಗೆ ತನ್ನಿ.

ಧಾರಾವಾಹಿ ನೋಡುವಾಗ ಟಿ.ವಿ. ಚಿತ್ರವನ್ನು ನಯಗೊಳಿಸಲು ಸಾಕಷ್ಟು ಸಮಯ ತೆಗೆದುಕೊಳ್ಳುತ್ತದೆ, ಸದ್ದೂ ತಡವಾಗುತ್ತದೆ, ಎರಡೂ ಸರಿಹೊಂದಿ ದೋಷ ಕಾಣುವುದಿಲ್ಲ. ‘ಗೇಮ್ ಮೋಡ್’ ಹಾಕಿದ ಕೂಡಲೇ ಚಿತ್ರದ ವಿಳಂಬ ತಟ್ಟನೆ ಇಳಿಯುತ್ತದೆ. ಸದ್ದಿನದು ಹಾಗೇ ಉಳಿಯುತ್ತದೆ. ಪ್ರಸಾರ ಕ್ಷೇತ್ರದ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮೊದಲು ಬಂದರೆ ಗೊತ್ತಾಗುತ್ತದೆ, ತಡವಾದರೆ 125ರವರೆಗೂ ಗೊತ್ತಾಗದು. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದಕ್ಕೆ ಒಗ್ಗಿದ ಕಿವಿ ನಮ್ಮದು. ಆದರೆ ಗೇಮ್‌ನಲ್ಲಿ ಬೆರಳೂ ಸಾಕ್ಷಿ ಹೇಳುತ್ತದೆ, ಅಷ್ಟು ರಿಯಾಯಿತಿ ಸಿಗುವುದಿಲ್ಲ. ಸೆಕೆಂಡಿಗೆ 60 ಫ್ರೇಮ್‌ಗಳ ಆಟದಲ್ಲಿ 100 ಮಿಲಿಸೆಕೆಂಡ್ ಎಂದರೆ 6 ಫ್ರೇಮ್.

ತಪ್ಪು ಎಲ್ಲಿದೆ ಎಂದು ಹಿಡಿಯಲು ಸದ್ದನ್ನು ಒಂದು ನಿಮಿಷ ಟಿ.ವಿ.ಯ ಸ್ವಂತ ಸ್ಪೀಕರಿಗೆ ತಿರುಗಿಸಿ. ಮೆನುವಿನಲ್ಲಿ ಮೇಲೆ ಕೆಳಗೆ ಸರಿದಾಗ ಬರುವ ‘ಟಿಕ್’ ಸದ್ದನ್ನು ಗಮನಿಸಿ. ಈಗ ಸರಿಯಿದ್ದರೆ ದೋಷ ಸೌಂಡ್‌ಬಾರಿನದು ಅಥವಾ ಅದರ ದಾರಿಯದು. ಆಗ ಈ ಕ್ರಮದಲ್ಲಿ ಹೋಗಿ, ಒಂದೊಂದನ್ನು ಬದಲಿಸಿದ ಮೇಲೂ ಆಡಿ ನೋಡಿ:

1. ಕನ್ಸೋಲ್‌ನ ಧ್ವನಿ ಮಾದರಿಯನ್ನು ಡಾಲ್ಬಿ ಅಥವಾ ಡಿಟಿಎಸ್‌ನಿಂದ ‘ಲೀನಿಯರ್ ಪಿಸಿಎಂ’ಗೆ ಬದಲಿಸಿ. ಕನ್ಸೋಲ್ ಧ್ವನಿಯನ್ನು ಒತ್ತಿ ಮಡಿಚುವುದು, ಸೌಂಡ್‌ಬಾರ್ ಬಿಚ್ಚುವುದು, ಈ ಎರಡೂ ಕೆಲಸ ತಪ್ಪುತ್ತವೆ.
2. ಟಿ.ವಿ.ಯ ‘ಡಿಜಿಟಲ್ ಔಟ್‌ಪುಟ್’ ಅನ್ನು ‘ಆಟೊ’ದಿಂದ ‘ಪಾಸ್ ಥ್ರೂ’ಗೆ ತನ್ನಿ.
3. ಸೌಂಡ್‌ಬಾರಿನ ‘ವರ್ಚುವಲ್ ಸರೌಂಡ್’ ಮೊದಲಾದ ಅಲಂಕಾರಗಳನ್ನು ತೆಗೆಯಿರಿ.
4. ಸೌಂಡ್‌ಬಾರಿಗೆ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಕನ್ಸೋಲನ್ನು ನೇರ ಅದಕ್ಕೇ ಚುಚ್ಚಿ. ಆದರೆ 4ಕೆ 120 ಹರ್ಟ್ಸ್‌ನಲ್ಲಿ ಆಡುವವರು ಸೌಂಡ್‌ಬಾರ್ ಅಷ್ಟನ್ನು ದಾಟಿಸುತ್ತದೆಯೇ ಎಂದು ನೋಡಿಕೊಳ್ಳಿ. ಹಳೆಯವು 60ಕ್ಕೇ ನಿಲ್ಲುತ್ತವೆ.

ಪಿಸಿಎಂ ಹಾಕಿದ ಮೇಲೆ 5.1 ಹೋಗಿ ಸ್ಟೀರಿಯೊ ಮಾತ್ರ ಬಂದರೆ ಗಾಬರಿ ಬೇಡ. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದ ‘ಎಆರ್‌ಸಿ’ (ಟಿ.ವಿ.ಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಸೌಂಡ್‌ಬಾರಿಗೆ ಕಳಿಸುವ ಸವಲತ್ತು) ಪಿಸಿಎಂ ಅನ್ನು ಎರಡು ಚಾನೆಲ್‌ಗಳಲ್ಲಿ ಮಾತ್ರ ಒಯ್ಯುತ್ತದೆ. ಹೆಚ್ಚಿನ ಚಾನೆಲ್‌ಗಳಿಗೆ ಎರಡೂ ಕಡೆ ಎಚ್‌ಡಿಎಂಐ 2.1ರ ‘ಇಎಆರ್‌ಸಿ’ ಬೇಕು. ಅದಿಲ್ಲದಿದ್ದರೆ ವೇಗದ ಆಟಕ್ಕೆ ಸ್ಟೀರಿಯೊ ಪಿಸಿಎಂ, ಕಥೆಯ ಆಟಕ್ಕೆ ಡಾಲ್ಬಿ ಎಂದು ಹಂಚಿಕೊಳ್ಳಿ. ಟಿ.ವಿ.ಗೂ ಸೌಂಡ್‌ಬಾರಿಗೂ ಬ್ಲೂಟೂತ್ ನಂಟು ಇದ್ದವರು ಮೇಲಿನ ಯಾವುದನ್ನೂ ಓದಬೇಕಿಲ್ಲ, ಮೊದಲು ಒಂದು ಕೇಬಲ್ ಹಾಕಿ. ಸಾಮಾನ್ಯ ಬ್ಲೂಟೂತ್‌ನ ವಿಳಂಬವೇ 150–200 ಮಿಲಿಸೆಕೆಂಡ್ ಮುಟ್ಟುತ್ತದೆ.

ಪ್ರಶ್ನೆ: ‘7.1’ ಎಂದು ಬರೆದ ಹೆಡ್‌ಸೆಟ್ ಕೊಂಡೆ. ಶೂಟಿಂಗ್ ಗೇಮ್‌ನಲ್ಲಿ ಹೆಜ್ಜೆ ಸದ್ದು ಮುಂದಿನಿಂದಲೋ ಹಿಂದಿನಿಂದಲೋ ತಿಳಿಯುತ್ತಿಲ್ಲ. ಹಳೆಯ ಸಾದಾ ಹೆಡ್‌ಫೋನೇ ಮೇಲು ಅನಿಸುತ್ತಿದೆ.

ಉತ್ತರ: ಅನಿಸಿಕೆ ನಿಜವೇ ಇರಬಹುದು. ನಮಗಿರುವುದು ಎರಡೇ ಕಿವಿ. ಎಡಬಲ ತಿಳಿಯುವುದು ಸದ್ದು ಒಂದು ಕಿವಿಗೆ ಮೊದಲು ಮುಟ್ಟುವುದರಿಂದ ಮತ್ತು ಅಲ್ಲಿ ಜೋರಾಗಿರುವುದರಿಂದ. ಆ ಸಮಯದ ಅಂತರ ಹೆಚ್ಚೆಂದರೆ 0.7 ಮಿಲಿಸೆಕೆಂಡಿನ ಆಸುಪಾಸು. ಹಿಂದೆ ಮುಂದೆ, ಮೇಲೆ ಕೆಳಗೆ ತಿಳಿಸುವುದು ಹೊರಕಿವಿಯ ಮಡಿಕೆಗಳು. ಬೇರೆ ಬೇರೆ ದಿಕ್ಕಿನ ಸದ್ದಿನಲ್ಲಿ ಬೇರೆ ಬೇರೆ ಎತ್ತರದ ಅಂಶಗಳನ್ನು ಅವು ಕತ್ತರಿಸುತ್ತವೆ. ಒಳ್ಳೆಯ ಗೇಮ್ ಈ ಕತ್ತರಿಕೆಯನ್ನು ತಾನೇ ಲೆಕ್ಕಹಾಕಿ ಎರಡು ಚಾನೆಲ್‌ಗಳಲ್ಲಿ ಕೊಡುತ್ತದೆ.

ಹೆಡ್‌ಸೆಟ್‌ನ ‘7.1’ ತಂತ್ರಾಂಶ ಮಾಡುವುದೂ ಅದನ್ನೇ. ಗೇಮ್ ಒಮ್ಮೆ ಮಾಡಿ ಕಳಿಸಿದ್ದನ್ನು ಅದು ಎದುರಿನ ಎರಡು ಸ್ಪೀಕರುಗಳ ಸದ್ದು ಎಂದು ತಿಳಿದು ಮತ್ತೊಮ್ಮೆ ಕತ್ತರಿಸುತ್ತದೆ. ಒಬ್ಬ ದರ್ಜಿ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬ ಬಿಚ್ಚದೆಯೇ ಮತ್ತೆ ಹೊಲಿದ ಹಾಗೆ. ಪರಿಣಾಮ ನೀವು ಹೇಳಿದ್ದೇ: ಎಲ್ಲ ಸದ್ದೂ ದೊಡ್ಡ ಹಜಾರದಲ್ಲಿ ಕೇಳಿದಂತೆ, ದಿಕ್ಕು ಮಾತ್ರ ಇಲ್ಲ.

ದಾರಿಯಲ್ಲಿ ಈ ಕೆಲಸ ಒಬ್ಬರೇ ಮಾಡಬೇಕು. ಗೇಮ್‌ನ ಧ್ವನಿ ಮೆನುವಿನಲ್ಲಿ ‘ಹೆಡ್‌ಫೋನ್’ ಅಥವಾ ‘3ಡಿ ಆಡಿಯೊ’ ಇದ್ದರೆ ಅದನ್ನು ಹಾಕಿ, ಹೆಡ್‌ಸೆಟ್‌ನ 7.1, ವಿಂಡೋಸ್ ಸೋನಿಕ್, ಹೆಡ್‌ಫೋನಿಗೆಂದಿರುವ ಡಾಲ್ಬಿ ಅಟ್ಮಾಸ್ ಎಲ್ಲವನ್ನೂ ತೆಗೆಯಿರಿ. ಗೇಮ್‌ನಲ್ಲಿ ಅಂಥದ್ದಿಲ್ಲದೆ 5.1 ಅಥವಾ 7.1 ಸ್ಪೀಕರ್ ಆಯ್ಕೆ ಮಾತ್ರ ಇದ್ದರೆ ತಿರುಗಾ ಮುರುಗಾ: ಗೇಮ್‌ನಲ್ಲಿ 7.1 ಆರಿಸಿ, ಹೊರಗಿನ ಒಂದನ್ನು ಹಾಕಿ. ಇಲ್ಲಿ ಗೇಮ್‌ನಲ್ಲೇ ‘ಸ್ಟೀರಿಯೊ’ ಎಂದು ಆರಿಸಿಬಿಟ್ಟರೆ ಹಿಂಬದಿಯ ಮಾಹಿತಿ ಹೊರಡುವ ಮೊದಲೇ ಕಳೆದುಹೋಗಿರುತ್ತದೆ, ಮುಂದೆ ಯಾವ ತಂತ್ರಾಂಶವೂ ಅದನ್ನು ಹುಟ್ಟಿಸಲಾರದು. ಪ್ಲೇಸ್ಟೇಷನ್ 5ರಲ್ಲಿ ಕನ್ಸೋಲೇ ಈ ಕೆಲಸ ಮಾಡುವುದರಿಂದ ಸಾದಾ ಸ್ಟೀರಿಯೊ ಹೆಡ್‌ಫೋನ್ ಸಾಕು.

ಈ ಲೆಕ್ಕಗಳೆಲ್ಲ ಯಾವುದೋ ಸರಾಸರಿ ತಲೆ, ಸರಾಸರಿ ಕಿವಿಗೆ ಹಾಕಿದವು. ನಿಮ್ಮ ಕಿವಿ ಬೇರೆ. ಮೂರು ನಾಲ್ಕು ಪ್ರೊಫೈಲ್ ಕೊಟ್ಟಿದ್ದರೆ ಆಟದಲ್ಲಿ ಒಂದೇ ಸಮ ಸದ್ದು ಮಾಡುವ ಜಾಗಕ್ಕೆ ಹೋಗಿ, ಜಲಪಾತವೋ ಜನರೇಟರೋ. ಕಣ್ಣು ಮುಚ್ಚಿ ನಿಧಾನ ಒಂದು ಸುತ್ತು ತಿರುಗಿ, ಅದು ನೇರ ಎದುರಿಗಿದೆ ಅನಿಸಿದಲ್ಲಿ ನಿಂತು ಕಣ್ಣು ತೆರೆಯಿರಿ. ತಪ್ಪು ಅತಿ ಕಡಿಮೆ ಬರುವ ಪ್ರೊಫೈಲ್ ನಿಮ್ಮದು. ಜೊತೆಗೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು 4–5 ಡೆಸಿಬಲ್ ಇಳಿಸಿ. ಸ್ಫೋಟದ ಗುಡುಗು ಹೆಜ್ಜೆ ಸದ್ದನ್ನು ನುಂಗುವುದು ತಪ್ಪುತ್ತದೆ.

ಪ್ರಶ್ನೆ: ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. ಗೇಮ್‌ನಲ್ಲಿ ಗೆಳೆಯರ ಜೊತೆ ಮಾತಿಗೆ ಮೈಕ್ ಹಾಕಿದ ತಕ್ಷಣ ಎಲ್ಲವೂ ಹಳೆಯ ದೂರವಾಣಿಯಂತೆ ಆಗುತ್ತದೆ.

ಉತ್ತರ: ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಹಳೆಯ ಬ್ಲೂಟೂತ್‌ನಲ್ಲಿ ಹಾಡಿನ ದಾರಿ ಒಮ್ಮುಖ. ಮೈಕ್ ತೆರೆದೊಡನೆ ಸಂಪರ್ಕ ಕರೆಗಳ ದಾರಿಗೆ ಹೊರಳುತ್ತದೆ, ಅಲ್ಲಿ ಸದ್ದು ಮೋನೊ, ಎತ್ತರದ ಮಿತಿ ಸುಮಾರು 4,000 ಇಲ್ಲವೇ 8,000 ಹರ್ಟ್ಸ್. ಮೇಜಿನ ಮೇಲಿನ ಬೇರೆ ಮೈಕನ್ನು ಇನ್‌ಪುಟ್ ಆಗಿ ಆರಿಸಿ, ಹೆಡ್‌ಸೆಟ್‌ನ ‘ಹ್ಯಾಂಡ್ಸ್ ಫ್ರೀ’ ಸಾಧನವನ್ನು ನಿಷ್ಕ್ರಿಯಗೊಳಿಸಿ. ಆಟಕ್ಕೆಂದೇ ಕೊಳ್ಳುವುದಾದರೆ 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದು ಅಥವಾ ತಂತಿಯದು.

ಪ್ರಶ್ನೆ: ಸಬ್‌ವೂಫರ್ ಹಾಕಿದ ಮೇಲೆ ಸೋಫಾದಲ್ಲಿ ‘ಬೂಮ್’ ಎಂಬ ಒಂದೇ ಸದ್ದು. ಕೋಣೆಯ ನಡುವೆ ನಿಂತರೆ ಬೇಸ್ ಇಲ್ಲವೇ ಇಲ್ಲ. ಸಬ್‌ವೂಫರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ಕೇಳುತ್ತಿರುವುದು ಕೋಣೆಯನ್ನು. ಗೋಡೆಯಿಂದ ಗೋಡೆಗೆ ಇರುವ ದೂರವನ್ನು ಮೀಟರಿನಲ್ಲಿ ಅಳೆದು, ಅದರ ಎರಡರಷ್ಟರಿಂದ 343ನ್ನು ಭಾಗಿಸಿ (ಸೆಕೆಂಡಿಗೆ 343 ಮೀಟರ್, ಗಾಳಿಯಲ್ಲಿ ಸದ್ದಿನ ವೇಗ). 4.3 ಮೀಟರ್ ಉದ್ದದ ಕೋಣೆಗೆ ಸುಮಾರು 40 ಹರ್ಟ್ಸ್ ಬರುತ್ತದೆ. ಆ ಸದ್ದು ಗೋಡೆಗಳ ಬಳಿ ಉಬ್ಬುತ್ತದೆ, ನಟ್ಟನಡುವೆ ಅಡಗುತ್ತದೆ. ಹಿಂಗೋಡೆಗೆ ಒರಗಿಸಿದ ಸೋಫಾ ಸರಿಯಾಗಿ ಉಬ್ಬಿನ ಮೇಲೇ ಕೂತಿದೆ. ಅಡಗಿದ ಕಡೆ ವಾಲ್ಯೂಮ್ ಏರಿಸುವುದು ವ್ಯರ್ಥ, ನೇರ ಬರುವ ಅಲೆಯ ಜೊತೆ ಅದನ್ನು ಅಳಿಸುವ ಅಲೆಯೂ ಅಷ್ಟೇ ಬೆಳೆಯುತ್ತದೆ.

ಸೋಫಾವನ್ನು ಗೋಡೆಯಿಂದ 30–50 ಸೆಂಟಿಮೀಟರ್ ಮುಂದೆ ಎಳೆಯಿರಿ. ಬಳಿಕ ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಟ್ಟು, 30ರಿಂದ 100 ಹರ್ಟ್ಸ್‌ವರೆಗೆ ನಿಧಾನ ಏರುವ ಪರೀಕ್ಷಾ ಧ್ವನಿ ಹಾಕಿ. ಕಿವಿ ನೆಲದ ಹತ್ತಿರ ಇರುವಂತೆ ಅಂಬೆಗಾಲಿಕ್ಕಿ ಗೋಡೆಯುದ್ದಕ್ಕೂ ಸಾಗಿ. ನೋಡಿದವರು ನಗಲಿ, ಕೆಲಸ ಮಾತ್ರ ಆಗುತ್ತದೆ. ಎಲ್ಲಿ ಅತಿ ಜೋರೋ ಅಲ್ಲಲ್ಲ, ಎಲ್ಲಿ ಏರಿಳಿತ ಕಡಿಮೆಯೋ ಅಲ್ಲಿ ಸಬ್‌ವೂಫರ್ ಇಡಿ. ಸಬ್‌ವೂಫರಿನ ಎಡೆ, ಕಿವಿಯ ಎಡೆ ಅದಲುಬದಲಾದರೂ ಫಲ ಒಂದೇ.

ರಿಸೀವರ್ ಇದ್ದರೆ ಇತರ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಹೊಂದಿಸಿ, ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ತಗ್ಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಎಂಬ ಗಡಿ) 80 ಹರ್ಟ್ಸ್‌ನಿಂದ ಶುರುಮಾಡಿ. ಸಬ್‌ವೂಫರಿನ ಸ್ವಂತ ಕ್ರಾಸ್‌ಓವರ್ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ, ಇಲ್ಲವಾದರೆ ಎರಡು ಸಲ ಕತ್ತರಿ ಬೀಳುತ್ತದೆ. ಸಬ್‌ವೂಫರಿನ ಅಲೆಯನ್ನು ಇತರ ಸ್ಪೀಕರುಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು 0 ಮತ್ತು 180ರ ನಡುವೆ ಬದಲಿಸಿ, ಸೋಫಾದಲ್ಲಿ 80 ಹರ್ಟ್ಸ್ ಆಸುಪಾಸಿನ ಸದ್ದು ಯಾವಾಗ ತುಂಬಿ ಬರುತ್ತದೋ ಅಲ್ಲಿ ಬಿಡಿ. ದಪ್ಪ ಪರದೆ, ಜಮಖಾನೆ ಮಾತಿನ ಸ್ಪಷ್ಟತೆಗೆ ಒಳ್ಳೆಯವು, 40 ಹರ್ಟ್ಸ್‌ನ ಎಂಟೂವರೆ ಮೀಟರ್ ಉದ್ದದ ಅಲೆಗೆ ಅವು ಲೆಕ್ಕಕ್ಕೇ ಇಲ್ಲ.

ಪ್ರಶ್ನೆ: ಮಗ ದಿನಕ್ಕೆ ಎರಡು ಗಂಟೆ ಹೆಡ್‌ಸೆಟ್ ಹಾಕಿ ಆಡುತ್ತಾನೆ. ಎಷ್ಟು ಸದ್ದು ಸುರಕ್ಷಿತ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75ರಲ್ಲಿ 40 ಗಂಟೆ. 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. ಮಗನ ವಾರದ 14 ಗಂಟೆಗೆ 78 ಡೆಸಿಬಲ್‌ವರೆಗೆ ತೊಂದರೆ ಇಲ್ಲ, 81 ಆದರೆ ಮಿತಿ 10 ಗಂಟೆ, ಅಲ್ಲಿಗೆ ಲೆಕ್ಕ ದಾಟಿತು. ಸದ್ದು ಜಾಸ್ತಿ ಆಗುವುದು ಬಹುತೇಕ ಸುತ್ತಲಿನ ಗದ್ದಲವನ್ನು ಮುಚ್ಚಲು. ಹಾಗಾಗಿ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಸೆಟ್ ಕೊಡಿ, ವಾಲ್ಯೂಮ್ ಮಿತಿಯನ್ನು ಸಾಧನದಲ್ಲೇ ಕಟ್ಟಿಹಾಕಿ. ಆಟ ಮುಗಿಸಿ ತೆಗೆದಾಗ ಕಿವಿಯಲ್ಲಿ ‘ಗುಂಯ್’ ಎಂದರೆ ಅಂದಿನ ಮಟ್ಟ ಹೆಚ್ಚಾಯಿತು ಎಂದೇ ಅರ್ಥ. ಮರುದಿನವೂ ಉಳಿದರೆ ಕಿವಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಂಪ್ಯೂಟರನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ ಸದಾ ಒಂದು ಗುಂಯ್‌ಗುಡುವ ಸದ್ದು. ಕೇಬಲ್ ಬದಲಿಸಿದರೂ ಹೋಗಲಿಲ್ಲ.

ಉತ್ತರ: ಎರಡೂ ಬೇರೆ ಬೇರೆ ಪ್ಲಗ್‌ಗಳ ಮೂಲಕ ನೆಲಕ್ಕೆ ಸೇರಿ, ಧ್ವನಿ ಕೇಬಲ್‌ನ ಹೊರತಂತಿಯೊಂದಿಗೆ ಒಂದು ಕುಣಿಕೆ ಆಗಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ ನೋಡಿ. ಹೋಗದಿದ್ದರೆ ಆಪ್ಟಿಕಲ್ ಕೇಬಲ್ ಬಳಸಿ. ಬೆಳಕು ಒಯ್ಯುವ ಎಳೆಯಲ್ಲಿ ವಿದ್ಯುತ್ ಹರಿಯದು, ಕುಣಿಕೆ ತುಂಡಾಗುತ್ತದೆ. ಆಪ್ಟಿಕಲ್ ಇಲ್ಲವಾದರೆ ಧ್ವನಿ ಕೇಬಲ್‌ನ ನಡುವೆ ಐಸೊಲೇಟರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆಂದು ಹೇಳುವವರಿದ್ದಾರೆ. ಹೋಗುವುದು ನಿಜ, ಒಳಗೆ ತಂತಿ ಸಡಿಲಾದ ದಿನ ಆಂಪ್ಲಿಫೈಯರ್ ಮುಟ್ಟಿದವರಿಗೆ ಶಾಕ್ ಹೊಡೆಯುವುದೂ ನಿಜ. ಆ ಪಿನ್ ಮುಟ್ಟಬೇಡಿ.