ಸಂಬಳದ ಚೀಟಿ ಓದಿ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಓದುಗರೊಬ್ಬರು ಬರೆದಿದ್ದಾರೆ: ಮಾಲ್, ಆಸ್ಪತ್ರೆ, ಜವಳಿ ಅಂಗಡಿಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಸಂಬಳ ಕಡಿಮೆ, ಏಕೆಂದರೆ ಅವರಲ್ಲಿ ಕೌಶಲವಿಲ್ಲ; ಇಂಗ್ಲಿಷ್, ಕಂಪ್ಯೂಟರ್ ಕಲಿತರೆ ಅಸಮಾನತೆ ತಾನಾಗಿ ಕರಗುತ್ತದೆ.

ಕಲಿಯಲಿ, ಬೇಡವೆನ್ನುವವರಿಲ್ಲ. ಆದರೆ ಮಹನೀಯರೇ, ಎಲ್ಲರೂ ಕಲಿತ ಮೇಲೂ ವಾರ್ಡು ಗುಡಿಸಲು, ರಾತ್ರಿ ಗೇಟು ಕಾಯಲು ಜನ ಬೇಕೇ ಬೇಕು. ಅವರ ಹೊಟ್ಟೆಪಾಡಿನ ಮಾತನ್ನು ನಿಮ್ಮ ಪತ್ರ ಎತ್ತುವುದೇ ಇಲ್ಲ.

ನಮ್ಮ ಊರುಗಳಲ್ಲಿ ಬೀಡಿ ಕಟ್ಟಿದ ತಾಯಂದಿರನ್ನು ನೆನೆಯಿರಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವ ಕೆಲಸ ಹಿಂದೆ ಹೇಗಿತ್ತೋ ಹಾಗೇ ಇತ್ತು. ಬದಲಾದದ್ದು ಕಾನೂನು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದಿತು. ಕೇರಳ ಅದನ್ನು ಜಾರಿಗೊಳಿಸಹೊರಟಾಗ ದೊಡ್ಡ ಮಾಲಕರು ಬಾಗಿಲು ಮುಚ್ಚಿ ಹೋದರು. ಕೆಲಸ ಕಳಕೊಂಡವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಎದ್ದು ನಿಂತಿತು. ಕೇರಳದ ಜವಳಿ ಅಂಗಡಿಯ ಹೆಣ್ಮಕ್ಕಳಿಗೆ ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ಸಿಕ್ಕಿದ್ದು 2018ರ ತಿದ್ದುಪಡಿಯಿಂದ, ಅದೂ ಬೀದಿಗಿಳಿದು ಹೋರಾಡಿದ ಮೇಲೆ. ಒಂದು ಸ್ಟೂಲಿಗೂ ಕೌಶಲಕ್ಕೂ ಏನು ಸಂಬಂಧ?

ಹಣ ಸೋರುವುದು ಎಲ್ಲಿ ಎಂದು ಸಂಬಳದ ಚೀಟಿಯಲ್ಲೇ ಕಾಣುತ್ತದೆ. ತಿಂಗಳಿಗೆ 14,000 ರೂಪಾಯಿ ಎಂದಿಟ್ಟುಕೊಳ್ಳಿ. ಇಎಸ್‌ಐಗೆ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಗೆ, ಕಾರ್ಮಿಕರ ಪಾಲು ಶೇ. 0.75, ಅಂದರೆ 105 ರೂಪಾಯಿ. ಮಾಲಕರ ಪಾಲು ಶೇ. 3.25, ಅಂದರೆ 455. ಚೀಟಿಯಲ್ಲಿ 560 ಕಡಿತವಾಗಿದ್ದರೆ ಮಾಲಕರ ಪಾಲನ್ನೂ ನಿಮ್ಮ ಮಗಳೇ ಕಟ್ಟುತ್ತಿದ್ದಾಳೆ. ಕಾನೂನು ಇದನ್ನು ಒಪ್ಪುವುದಿಲ್ಲ. ಇನ್ನು ಗ್ರಾಚ್ಯುಟಿ, ಕೆಲಸ ಬಿಡುವಾಗ ಮಾಲಕರು ಕೊಡಬೇಕಾದ ಇಡುಗಂಟು: ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಅದೇ 14,000ದಲ್ಲಿ ಮೂಲ ವೇತನ 5,000, ಉಳಿದದ್ದೆಲ್ಲ ಇತರ ಭತ್ಯೆ ಎಂದು ಬರೆದರೆ ಐದು ವರ್ಷಕ್ಕೆ ಹಿಂದಿನ ಕಾನೂನಿನಲ್ಲಿ ಸಿಗುತ್ತಿದ್ದದ್ದು 14,423 ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆ ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚಾದದ್ದೂ ವೇತನವೇ. ಆಗ ಲೆಕ್ಕ 7,000ದ ಮೇಲೆ, ಕೈಗೆ ಬರುವುದು 20,192. ಇದಕ್ಕಿಂತ ದೊಡ್ಡ ಪೆಟ್ಟು ಗುತ್ತಿಗೆಯದು. ಹೆಂಗಸು ಗುಡಿಸುವ ವರಾಂಡ ಅದೇ, ಗುತ್ತಿಗೆದಾರ ಮಾತ್ರ ಎರಡು ವರ್ಷಕ್ಕೊಮ್ಮೆ ಬೇರೆ. ಪ್ರತಿ ಸಲ ಹೊಸ ನೇಮಕ, ಸೇವೆ ಮತ್ತೆ ಸೊನ್ನೆಯಿಂದ, ಗ್ರಾಚ್ಯುಟಿಯ ವರ್ಷಗಳು ಕೂಡುವುದೇ ಇಲ್ಲ. ಪಿಎಫ್ (ಭವಿಷ್ಯ ನಿಧಿ) ಕೈತಪ್ಪದಿರಲು ಹೊಸ ಗುತ್ತಿಗೆದಾರನಿಗೆ ಹಳೆಯ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರನ್ನೇ ಕೊಡಬೇಕು. ಇಲ್ಲದಿದ್ದರೆ ಹಿಂದಿನ ಹಣ ಬೇರೆ ಖಾತೆಯಲ್ಲಿ ಉಳಿದುಬಿಡುತ್ತದೆ.

ಕೇಳಲು ಹೋದರೆ ನಮಗೆ ಇನ್ನೊಂದು ಗೋಡೆ. ಗಡಿಯ ತಲಪಾಡಿ ದಾಟಿ ಕರ್ನಾಟಕದ ಮಂಗಳೂರಿನಲ್ಲಿ ದುಡಿಯುವವರು ಕನಿಷ್ಠ ವೇತನದ ದೂರು ಕೊಡಬೇಕಾದದ್ದು ಅಲ್ಲಿಯೇ. ಕಾಸರಗೋಡಿನಲ್ಲಿ ದುಡಿಯುವವರಿಗೆ ಫಾರ್ಮು ಮಲಯಾಳದಲ್ಲಿ. ಅದನ್ನು ಓದಲಾಗದೆ ಎಷ್ಟು ಮಂದಿ ಬಾಗಿಲಿಂದಲೇ ಹಿಂದೆ ಬಂದಿಲ್ಲ! ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಲಿ, ಚೀಟಿಯ ಜೆರಾಕ್ಸ್ ಲಗತ್ತಿಸಲಿ, ಒಂದು ಪ್ರತಿಗೆ ಸೀಲು ಹಾಕಿಸಿ ತಾರೀಕು ಸಮೇತ ಮನೆಗೆ ತರಲಿ.